ಒಳ್ಳೆ ಬ್ರೀಡರ್ ಯಾರು, ನಾಯಿಮರಿ ದಂಧೆ ಮಾಡುವವರು ಯಾರು ಅಂತ ಗುರುತಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು. ಬೆಂಗಳೂರಿನಲ್ಲಿ ಮನೆ, ಮುಂದಿನ ತಿಂಗಳು ಮಗಳ ಹುಟ್ಟುಹಬ್ಬಕ್ಕೆ ಲ್ಯಾಬ್ರಡಾರ್ ಮರಿ ತರಬೇಕು. ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬರು "45 ದಿನದ ಮರಿ, ಪೇಪರ್ ಬೇಕಾದರೆ ಒಂದು ರೇಟು, ಬೇಡ ಅಂದರೆ ಇನ್ನೊಂದು ರೇಟು, ಮನೆಗೇ ತಂದುಕೊಡ್ತೀವಿ, ಅಡ್ವಾನ್ಸ್ ಹಾಕಿ" ಅಂದಿದ್ದಾರೆ. ನಂಬಬಹುದಾ?

ನಂಬಬೇಡಿ. ನಾನು ಮೈಸೂರಿನಲ್ಲಿ ಪ್ರಾಣಿಗಳ ಕ್ಲಿನಿಕ್ ಒಂದರಲ್ಲಿ ಡಾಕ್ಟರಿಗೆ ಸಹಾಯಕನಾಗಿದ್ದೇನೆ. ಹೀಗೆ ಮನೆಬಾಗಿಲಿಗೆ ಬಂದ ಮರಿಗಳು ವಾರ ಕಳೆಯುವುದರೊಳಗೆ ನಮ್ಮ ಟೇಬಲ್ ಮೇಲೆ ಇರುತ್ತವೆ.

ಮೊದಲು ಆ 45 ದಿನದ ವಿಷಯ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೇ ಲೆಕ್ಕ, ಅದೇ ಸರಿ ಅಂತಲೂ ಜನ ನಂಬಿಬಿಟ್ಟಿದ್ದಾರೆ. ಆದರೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಅಂದರೆ 56 ದಿನ. ಹನ್ನೊಂದು ದಿನದಲ್ಲಿ ಏನು ಮಹಾ ಅನ್ನಿಸಬಹುದು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಮರಿ ಕಲಿಯುವುದು ಅಣ್ಣತಮ್ಮಂದಿರ ಜೊತೆ ಕಿತ್ತಾಡುವ ಈ ದಿನಗಳಲ್ಲೇ. ಬೇಗ ಬಿಡಿಸಿ ತಂದ ಮರಿ ಮುಂದೆ ಮಕ್ಕಳ ಕೈ ಕಚ್ಚಿ ಕಚ್ಚಿ ಗಾಯ ಮಾಡುತ್ತದೆ, ಮನೆಯವರು ಅದನ್ನು ಕೆಟ್ಟ ನಾಯಿ ಅನ್ನುತ್ತಾರೆ. ಇನ್ನು ಮಾರುವವರಿಗೆ ಒಂದೊಂದು ದಿನವೂ ಊಟದ ಖರ್ಚು, ಮೇಲೆ ಲಸಿಕೆ ಖರ್ಚು, ಜೊತೆಗೆ ಮರಿ ಚಿಕ್ಕದಿದ್ದಷ್ಟೂ ಮುದ್ದು, ಬೇಗ ಹೋಗುತ್ತದೆ.

45 ಅಂತ ಹೇಳಿದ್ದು ನಿಜಕ್ಕೂ 45 ಇರುತ್ತದೆ ಅಂತಲೂ ಇಲ್ಲ. ತುಟಿ ಎತ್ತಿ ನೋಡಿ. 8 ವಾರದ ಹೊತ್ತಿಗೆ ಸಾಮಾನ್ಯವಾಗಿ 28 ಹಾಲುಹಲ್ಲೂ ಬಂದಿರುತ್ತವೆ. ಮುಂದೆ ಅಕ್ಕಿಕಾಳಿನಂಥ ಹಲ್ಲು, ಎರಡು ಕಡೆ ಸೂಜಿಯಂಥ ಕೋರೆ, ಅದರ ಹಿಂದೆ ಕೆನ್ನೆಯ ಕಡೆ ವಸಡು ಬರೀ ನುಣ್ಣಗೆ, ಹೀಗಿದ್ದರೆ ಅದು ಇನ್ನೂ ಒಂದು ತಿಂಗಳ ಆಸುಪಾಸಿನ ಕೂಸು.

ಎರಡನೆಯದು ಪೇಪರ್. ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ, ಎಲ್ಲರೂ ಕೆಸಿಐ ಅನ್ನುವುದು, ಕೊಡುವ ನೋಂದಣಿ ಪತ್ರ ಅದು. ಅಪ್ಪ ಅಮ್ಮ ಯಾರು, ಅವರ ಹಿಂದಿನವರು ಯಾರು ಅಂತ ಹೇಳುತ್ತದೆ. ಅಪ್ಪ ಅಮ್ಮ ಇಬ್ಬರದೂ ನೋಂದಣಿ ಆಗಿದ್ದರೆ ಅಷ್ಟೂ ಮರಿಗಳಿಗೆ ಪೇಪರ್ ಮಾಡಿಸಬಹುದು, ಮರಿಯ ಬೆಲೆ ಮುಂದೆ ಆ ಖರ್ಚು ಏನೇನೂ ಅಲ್ಲ. ಹಾಗಿದ್ದ ಮೇಲೆ ಒಂದೇ ಮರಿಗೆ ಎರಡು ರೇಟು ಯಾಕೆ? ಒಂದೋ ಅಪ್ಪ ಅಮ್ಮನಿಗೇ ಪೇಪರ್ ಇಲ್ಲ, ಬೇರೆ ಯಾವುದೋ ಮರಿಯ ಪೇಪರ್ ಕೈಗಿಡುತ್ತಾರೆ. ಇಲ್ಲ, ತಾಯಿ ಎಷ್ಟು ಸಲ ಮರಿ ಹಾಕಿದೆ ಅನ್ನುವ ಲೆಕ್ಕ ಎಲ್ಲೂ ದಾಖಲಾಗುವುದು ಅವರಿಗೆ ಬೇಕಿಲ್ಲ. ಕೆಸಿಐ ಮರಿಗೆ ಮೈಕ್ರೋಚಿಪ್, ಅಂದರೆ ಚರ್ಮದಡಿ ಹಾಕಿದ ನಂಬರ್ ಇರುವ ಸಣ್ಣ ಚಿಪ್, ಇರುತ್ತದೆ. ಸ್ಕ್ಯಾನರ್ ಇರುವ ಯಾವ ಕ್ಲಿನಿಕ್‌ಗೆ ಹೋದರೂ ನಂಬರ್ ಓದಿ ಹೇಳುತ್ತಾರೆ, ಅದು ಪೇಪರಿನಲ್ಲಿರುವ ನಂಬರ್‌ಗೆ ತಾಳೆಯಾಗಬೇಕು. ಎಲ್ಲ ಸರಿಯಿದ್ದರೂ ಪೇಪರ್ ಹೇಳುವುದು ವಂಶ ಮಾತ್ರ. ಮರಿಯನ್ನು ಮನೆಯಲ್ಲಿ ಸಾಕಿದರೋ ಶೆಡ್ಡಿನಲ್ಲಿ ಕೂಡಿಹಾಕಿದರೋ ಅದರಲ್ಲಿ ಬರೆದಿರುವುದಿಲ್ಲ.

ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಬ್ರೀಡರ್ ಆಗಿ ನೋಂದಣಿ ಮಾಡಿಸಬೇಕು ಅನ್ನುವುದು ಬೇರೆಯೇ ವಿಷಯ. 2017ರ ನಿಯಮದ ಪ್ರಕಾರ ಅದು ಕಡ್ಡಾಯ. ಸುಮ್ನೆ ಒಮ್ಮೆ ಕೇಳಿ ನೋಡಿ. ಇದ್ದವರು ತಕ್ಷಣ ತೋರಿಸುತ್ತಾರೆ, ಇಲ್ಲದವರು ನಿಮ್ಮ ಮೇಲೇ ರೇಗುತ್ತಾರೆ.

ಮೂರನೆಯದು, ಮನೆಗೇ ತಂದುಕೊಡ್ತೀವಿ ಅನ್ನುವ ಮಾತು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ನೀವು ತಾಯಿಯನ್ನು ನೋಡುವುದೇ ಇಲ್ಲ. ಮರಿಯನ್ನು ಸ್ನಾನ ಮಾಡಿಸಿ, ಪೌಡರ್ ಹಾಕಿ, ಕೊರಳಿಗೆ ರಿಬ್ಬನ್ ಕಟ್ಟಿ ಹೇಗೆ ಬೇಕಾದರೂ ತೋರಿಸಬಹುದು. ತಾಯಿಯನ್ನು ಹಾಗೆ ಮಾಡಲು ಆಗುವುದಿಲ್ಲ. ಹೋಗಿ ನೋಡಿ. ಮರಿ ಹಾಕಿದ ನಾಯಿ ಸ್ವಲ್ಪ ಸೊರಗಿರುತ್ತದೆ, ಕೂದಲು ಉದುರುತ್ತಿರುತ್ತದೆ, ಅದು ಸಹಜ. ಆದರೆ ಉಗುರು ಬೆಳೆದು ಬಾಗಿದ್ದರೆ, ಮೊಣಕೈಯಲ್ಲಿ ಸಿಮೆಂಟ್ ನೆಲದ ಮೇಲೇ ಮಲಗಿ ಮಲಗಿ ದಪ್ಪ ಗಂಟು ಕಟ್ಟಿದ್ದರೆ, ಹಿಂಗಾಲಿನ ಕೂದಲು ಮೂತ್ರ ಹತ್ತಿ ಹಳದಿಯಾಗಿದ್ದರೆ, ಯಜಮಾನ ಕೈ ಎತ್ತಿದ ತಕ್ಷಣ ಕುಗ್ಗಿ ನೆಲಕ್ಕೆ ಅಂಟಿಕೊಂಡರೆ, ಮತ್ತೇನೂ ವಿಚಾರಿಸಬೇಕಾಗಿಲ್ಲ, ವಾಪಸ್ ಬನ್ನಿ. ವಯಸ್ಸೆಷ್ಟು, ಇದು ಎಷ್ಟನೇ ಸಲ, ಹಿಂದಿನ ಸಲ ಮರಿ ಹಾಕಿದ್ದು ಯಾವಾಗ ಅಂತ ಕೇಳಿ. ಅದೇ 2017ರ ನಿಯಮದ ಪ್ರಕಾರ 18 ತಿಂಗಳು ತುಂಬುವ ಮೊದಲು ಮರಿ ಮಾಡಿಸುವ ಹಾಗಿಲ್ಲ, ವರ್ಷಕ್ಕೆ ಒಂದೇ ಸಲ, ಒಟ್ಟು ಐದು ಸಲ ಮೀರುವ ಹಾಗಿಲ್ಲ. ಲ್ಯಾಬ್ ಆದ್ದರಿಂದ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಆಗಿದೆಯಾ ಅಂತಲೂ ಕೇಳಿ, ಸೊಂಟದ ಕೀಲಿನ ತೊಂದರೆ ಈ ತಳಿಯಲ್ಲಿ ಜಾಸ್ತಿ.

ಇನ್ನೊಂದು ಮಾತು. ಚಪ್ಪಲಿ ಹೊರಗೆ ಬಿಡಿ, ಕೈ ತೊಳೆಯಿರಿ, ಲಸಿಕೆ ಆಗಿಲ್ಲ, ಮುಟ್ಟಬೇಡಿ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಒಳ್ಳೆಯವರ ಲಕ್ಷಣ. ದೂರದಿಂದಲೂ ತಾಯಿಯನ್ನು ತೋರಿಸದವರ ಬಗ್ಗೆ ಅನುಮಾನ ಪಡಿ. ಲ್ಯಾಬ್, ಹಸ್ಕಿ, ಶಿಟ್ಜು, ಪಗ್, ಬೀಗಲ್ ಎಲ್ಲ ಒಂದೇ ಸೂರಿನಡಿ ಸಿಗುತ್ತವೆ ಅಂದರೆ ಅದು ಅಂಗಡಿ, ಅಷ್ಟೇ.

ಈಗ ನಾವು ದಿನಾ ನೋಡುವ ಪಾರ್ವೋ ಅನ್ನುವ ಕರುಳಿನ ರೋಗದ ಬಗ್ಗೆ. ಈ ವೈರಸ್ ಮೈಸೇರಿದ ಮೇಲೆ ರೋಗ ಕಾಣಿಸಲು ಸುಮಾರು ಒಂದು ವಾರ ಬೇಕು. ಹಾಗಾಗಿ ಮಾರುವ ದಿನ ಮರಿ ಕುಣಿಯುತ್ತಿರುತ್ತದೆ. ನಿಮ್ಮ ಮನೆಗೆ ಬಂದ ನಾಲ್ಕೈದು ದಿನಕ್ಕೆ ಊಟ ಬಿಡುತ್ತದೆ, ವಾಂತಿ, ಆಮೇಲೆ ರಕ್ತಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ, ನಾವು ಬಾಗಿಲಲ್ಲೇ ಗುರುತಿಸುತ್ತೇವೆ. ಫೋನ್ ಮಾಡಿದರೆ ಮಾರಿದವರು "ನೀವು ಹಾಲು ಕೊಟ್ಟಿರ್ತೀರಿ" ಅನ್ನುತ್ತಾರೆ. ಸ್ವಲ್ಪ ಜಗಳ ಮಾಡಿದರೆ ಇನ್ನೊಂದು ಮರಿ ಕೊಡುತ್ತಾರೆ. ಜನ ಇದನ್ನು ಗ್ಯಾರಂಟಿ ಅಂದುಕೊಂಡು ಖುಷಿಪಡುತ್ತಾರೆ. ಆದರೆ ಆ ವೈರಸ್ ನಿಮ್ಮ ಮನೆಯ ನೆಲದಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್‌ಗೆಲ್ಲ ಬಗ್ಗುವುದಿಲ್ಲ. ಎರಡನೇ ಮರಿಯೂ ಅದೇ ದಾರಿ ಹಿಡಿಯುತ್ತದೆ. "ಸತ್ತರೆ ಬದಲಿ ಕೊಡ್ತೀವಿ" ಅಂತ ಮೊದಲೇ ಹೇಳುವವನಿಗೆ ಮರಿಗಳು ಸಾಯುತ್ತವೆ ಅಂತ ಮೊದಲೇ ಗೊತ್ತಿದೆ ಅಲ್ವಾ?

ಲಸಿಕೆ ಕಾರ್ಡ್ ಕೊಟ್ಟರೆ ಅದರಲ್ಲಿ ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕರ್, ಬ್ಯಾಚ್ ನಂಬರ್, ಡಾಕ್ಟರ ಸೀಲು, ಅವರ ನೋಂದಣಿ ಸಂಖ್ಯೆ ಇದೆಯಾ ನೋಡಿ. ಬರೀ ಪೆನ್ನಿನಲ್ಲಿ ತಾರೀಖು ಗೀಚಿದ್ದರೆ ಅದಕ್ಕೆ ಬೆಲೆಯಿಲ್ಲ. ಖಾಲಿ ಕಾರ್ಡು ಸಿಗುವುದು ಕಷ್ಟವೇನಲ್ಲ.

ಒಳ್ಳೆ ಬ್ರೀಡರ್ ಬಳಿ ಹೋದರೆ ಅವರೇ ನಿಮ್ಮನ್ನು ಕೂರಿಸಿ, ಹೆಣ್ಣು ಕೊಡುವ ಮನೆಯವರ ಹಾಗೆ ವಿಚಾರಿಸುತ್ತಾರೆ. ಸ್ವಂತ ಮನೆಯಾ ಬಾಡಿಗೆಯಾ, ಹಗಲು ಯಾರಿರುತ್ತಾರೆ, ಊರಿಗೆ ಹೋದಾಗ ನಾಯಿಯನ್ನು ಏನು ಮಾಡುತ್ತೀರಿ, ಎಲ್ಲ ಕೇಳುತ್ತಾರೆ. ಸಾಕಲು ಆಗದಿದ್ದರೆ ಬೀದಿಗೆ ಬಿಡಬೇಡಿ, ನಮಗೇ ವಾಪಸ್ ಕೊಡಿ ಅನ್ನುತ್ತಾರೆ. ಅವರ ಹತ್ತಿರ ಬೇಕೆಂದ ತಿಂಗಳಲ್ಲಿ ಮರಿ ಇರುವುದೂ ಅಪರೂಪ. ಗರ್ಭ ಒಂಬತ್ತು ವಾರ, ಆಮೇಲೆ ಎಂಟು ವಾರ, ಅಲ್ಲಿಗೇ ನಾಲ್ಕು ತಿಂಗಳಾಯಿತು. ಹುಟ್ಟುಹಬ್ಬದ ದಿನಕ್ಕೇ ಬೇಕು ಅಂತ ಹಟ ಹಿಡಿದರೆ ನಿಮಗೆ ಸಿಗುವುದು ದಂಧೆಯವರೇ.

ಲ್ಯಾಬೇ ಆಗಬೇಕು ಅಂತಿಲ್ಲ, ಓಡಾಡಲು ಜಾಗ ಇದೆ ಅಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಮುಧೋಳ ನಾಯಿಯ ಬಗ್ಗೆ ಅಲ್ಲಿ ವಿಚಾರಿಸಿ. ಫ್ಲ್ಯಾಟ್‌ನಲ್ಲಿ ಕಟ್ಟಿಹಾಕುವ ನಾಯಿ ಅಲ್ಲ ಅದು.

ನೋಡಲು ಹೋದಾಗ ಶೆಡ್ಡಿನ ಸ್ಥಿತಿ ಕಂಡು ಪಾಪ ಅನ್ನಿಸಿ ಒಂದನ್ನು ಬಿಡಿಸಿಕೊಂಡು ಬರಬೇಡಿ. ನಿಮ್ಮ ದುಡ್ಡಿನಲ್ಲಿ ಆ ತಾಯಿಗೆ ಮತ್ತೆ ಮರಿ ಮಾಡಿಸುತ್ತಾರೆ. ಫೋಟೋ ತೆಗೆದು ಪ್ರಾಣಿ ಕಲ್ಯಾಣ ಮಂಡಳಿಗೋ ಪೊಲೀಸರಿಗೋ ದೂರು ಕೊಡಿ.

ಅಡ್ವಾನ್ಸ್ ಇನ್ನೂ ಹಾಕಿಲ್ಲ ಅಂದಿದ್ದೀರಿ, ಒಳ್ಳೆಯದಾಯಿತು. ಅವರಿಗೊಂದು ಫೋನ್ ಮಾಡಿ, "ಭಾನುವಾರ ಬಂದು ತಾಯಿಯನ್ನು ನೋಡ್ತೀವಿ, ವಿಳಾಸ ಕೊಡಿ" ಅನ್ನಿ. ತಾಯಿ ಊರಲ್ಲಿದೆ, ಫಾರ್ಮ್ ದೂರ, ಮೆಟ್ರೋ ಸ್ಟೇಷನ್ ಹತ್ತಿರ ಮರಿ ತಂದು ತೋರಿಸ್ತೀವಿ ಅಂದರೆ ಅಲ್ಲಿಗೇ ನಂಬರ್ ಬ್ಲಾಕ್ ಮಾಡಿ.