ಒಂದೇ ಪಾರ್ಕಿಗೆ ಮೂರು ಕಾರ್ ರೈಡ್ ಯಾಕೆ?

ಪ್ರಶ್ನೆ: ನಾವು ಹಾಸನದವರು, ಈಗ ಫ್ಲಾರಿಡಾದ ಒರ್ಲಾಂಡೊದಲ್ಲಿ ಇದ್ದೇವೆ. ರಜೆ ಬಂತು ಅಂದರೆ ಮಕ್ಕಳಿಗೆ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕೇ ಆಗಬೇಕು. ಅಲ್ಲಿನ ಟುಮಾರೊಲ್ಯಾಂಡ್ ಸ್ಪೀಡ್‌ವೇ ಎಂಬ ಕಾರ್ ರೈಡ್ ತುಂಬ ಹಳೇದು. ಪೆಟ್ರೋಲ್ ಹೊಗೆ, ಬಿಸಿಲು, ಉದ್ದದ ಕ್ಯೂ. ಈಗ ಅದೇ ಪಾರ್ಕಿಗೆ 'ಕಾರ್ಸ್' ಸಿನಿಮಾದ ಇನ್ನೆರಡು ರೈಡ್ ಬರುತ್ತಿವೆ. ಒಂದೇ ತರಹದ್ದು ಮೂರು ಯಾಕೆ ಸರ್? ಹಳೇದನ್ನು ತೆಗೆದುಬಿಟ್ಟರೆ ಏನು ನಷ್ಟ? 6 ವರ್ಷದ ಮಗಳು ಮಾತ್ರ ಅದೇ ಬೇಕು ಅಂತ ಹಟ ಹಿಡಿಯುತ್ತಾಳೆ.

ಉತ್ತರ: ನಿಮ್ಮ ಮಗಳ ಹಟದಲ್ಲೇ ಅರ್ಧ ಉತ್ತರ ಇದೆ. ಮುಂದಿನ ಸಲ ಅವಳ ಪಕ್ಕ ಕೂತಾಗ ಸ್ವಲ್ಪ ಗಮನಿಸಿ. ಕಾಲು ಪೆಡಲ್‌ಗೆ ಎಟುಕುವುದಿಲ್ಲ, ಅದನ್ನು ನೀವು ಒತ್ತಬೇಕು. ಸ್ಟೀರಿಂಗ್ ಅವಳ ಎರಡೂ ಕೈಯಲ್ಲಿ. ಕಾರಿನ ಅಡಿಯಲ್ಲಿ, ರಸ್ತೆಯ ಮಧ್ಯೆ ಒಂದು ಕಬ್ಬಿಣದ ಪಟ್ಟಿ ಇದೆ. ಅವಳು ಜಾಸ್ತಿ ಎಡಕ್ಕೆ ತಿರುಗಿಸಿದರೆ ಪಟ್ಟಿಗೆ ಟಕ್ ಅಂತ ಬಡಿಯುತ್ತದೆ, ಗಾಬರಿಯಲ್ಲಿ ಬಲಕ್ಕೆ ಎಳೆದರೆ ಮತ್ತೆ ಟಕ್. ಎರಡನೇ ಸುತ್ತಿಗೆ ಹೋದಾಗ ಆ ಸದ್ದು ಕಡಿಮೆ ಆಗಿರುತ್ತದೆ. ಯಾಕೆಂದರೆ ಅವಳು ಕಲಿತಿರುತ್ತಾಳೆ.

ಅದೇ ಊರಿನ ಎಪ್ಕಾಟ್ ಪಾರ್ಕಿನಲ್ಲಿ ಟೆಸ್ಟ್ ಟ್ರ್ಯಾಕ್ ಇದೆ. 1999ರಿಂದ ನಡೆಯುತ್ತಿದೆ. ಅದೂ ಕಾರೇ, ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಶುರುವಾದ ರೇಡಿಯೇಟರ್ ಸ್ಪ್ರಿಂಗ್ಸ್ ರೇಸರ್ಸ್ ಕೂಡ 'ಕಾರ್ಸ್' ಸಿನಿಮಾದ್ದೇ. ಎರಡೂ ನನಗೆ ತುಂಬ ಇಷ್ಟ. ಆದರೆ ಅಲ್ಲಿ ನಾವು ಬರೀ ಕೂತಿರುತ್ತೇವೆ, ಕಾರು ತಾನೇ ಓಡುತ್ತದೆ. ಸ್ಪೀಡ್‌ವೇ ಕಾರು ಗಂಟೆಗೆ 11 ಕಿಲೋಮೀಟರ್ ಆಸುಪಾಸಿನಲ್ಲಿ ತೆವಳುತ್ತದೆ. ಆದರೂ ಮಗು ಕೆಳಗಿಳಿದ ಮೇಲೆ "ನಾನು ಓಡಿಸಿದೆ" ಅನ್ನುತ್ತದೆ. ನಮ್ಮ ಜಾತ್ರೆಯ ಡ್ಯಾಶಿಂಗ್ ಕಾರಲ್ಲೂ ಸ್ಟೀರಿಂಗ್ ಇದೆ ನಿಜ, ಆದರೆ ಅಲ್ಲಿ ಗುದ್ದುವುದೇ ಆಟ.

ಅದಕ್ಕೇ ನಾನು ಕಾರಿನ ಆಕಾರ ನೋಡಿ ಲೆಕ್ಕ ಹಾಕುವುದಿಲ್ಲ. ಮಗುವಿನ ಕೈಗೆ ಏನು ಕೆಲಸ, ಯಾವ ವಯಸ್ಸಿನ ಮಗುವಿಗೆ, ಇವೆರಡನ್ನೇ ನೋಡುತ್ತೇನೆ. ಎರಡು ರೈಡ್‌ಗಳಲ್ಲಿ ಈ ಎರಡೂ ಒಂದೇ ಆಗಿದ್ದರೆ ಒಂದನ್ನು ತೆಗೆಯಲಿ, ನನ್ನದೇನೂ ತಕರಾರಿಲ್ಲ.

ಡಿಸ್ನಿಯವರೇ ಹಿಂದೆ ಹಾಗೆ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆದಾಗಲೇ ಅಲ್ಲಿ ಆಟೋಪಿಯಾ ಎಂಬ ಕಾರ್ ರೈಡ್ ಇತ್ತು. ಆಗ ಮಧ್ಯದ ಪಟ್ಟಿ ಇರಲಿಲ್ಲ. ಮಕ್ಕಳು ಒಬ್ಬರಿಗೊಬ್ಬರು ಗುದ್ದಿ ಗುದ್ದಿ ಕಾರುಗಳನ್ನು ಹಾಳು ಮಾಡಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಅದೇ ಪಾರ್ಕಿನಲ್ಲಿ ಇಂಥ ಮೂರು ರೈಡ್ ಆದವು. ಪುಟಾಣಿಗಳಿಗೆ ಅಂತಲೇ ಕಟ್ಟಿದ್ದನ್ನು 1966ರಲ್ಲಿ ಮುಚ್ಚಿದರು. ಉಳಿದ ಎರಡು ಹೆಚ್ಚುಕಡಿಮೆ ಒಂದೇ ತರಹ ಇದ್ದವು. 1999ರಲ್ಲಿ ಒಂದನ್ನು ನಿಲ್ಲಿಸಿ, ಎರಡರ ಜಾಗವನ್ನೂ ಸೇರಿಸಿ 2000ದಲ್ಲಿ ಒಂದೇ ದೊಡ್ಡ ರೈಡ್ ಮಾಡಿದರು. ಅದು ಸರಿಯಾದ ತೀರ್ಮಾನ. ಪುಟಾಣಿಗಳದ್ದು ಹೋಗಿದ್ದು ಮಾತ್ರ ನನಗೆ ಇವತ್ತಿಗೂ ಬೇಜಾರು.

ಹೊಸ 'ಕಾರ್ಸ್' ಜಾಗದ ಸುದ್ದಿಯನ್ನು ಡಿಸ್ನಿ ಹೇಳಿದ್ದು 2024ರ ಆಗಸ್ಟ್‌ನಲ್ಲಿ. ಅದಕ್ಕಾಗಿ 2025ರ ಜುಲೈನಲ್ಲಿ ಪಾರ್ಕಿನೊಳಗಿನ ಕೃತಕ ನದಿಯನ್ನೇ ಮುಚ್ಚಿದರು. ಒಂದು ರೈಡ್ ಬೆಟ್ಟಗುಡ್ಡ ಹತ್ತಿ ಇಳಿಯುವ ರ‍್ಯಾಲಿ, ಇನ್ನೊಂದು ಚಿಕ್ಕ ಮಕ್ಕಳಿಗೆ. ಆ ಚಿಕ್ಕ ಮಕ್ಕಳ ರೈಡಿನಲ್ಲಿ ನಿಜವಾಗಿ ತಿರುಗುವ ಸ್ಟೀರಿಂಗ್ ಕೊಟ್ಟರೆ ಸ್ಪೀಡ್‌ವೇ ಬಗ್ಗೆ ನಾನೂ ಮತ್ತೆ ಯೋಚಿಸುತ್ತೇನೆ. ಸುಮ್ನೆ ಕೂರಿಸಿ ತಿರುಗಿಸುವುದಾದರೆ ಹಳೇದನ್ನು ಮುಟ್ಟಬಾರದು.

ಆದರೆ ನಿಮ್ಮ ದೂರು ಸುಳ್ಳಲ್ಲ. 1971ರ ಅಕ್ಟೋಬರ್ 1ರಂದು ಪಾರ್ಕ್ ತೆರೆದ ದಿನವೇ ಈ ರೈಡ್ ಕೂಡ ಶುರುವಾಗಿದ್ದು. ಕಾರು ಇನ್ನೂ ಪೆಟ್ರೋಲಿನದ್ದು. ಹುಲ್ಲು ಕತ್ತರಿಸುವ ಯಂತ್ರದ ಹಾಗೆ ಭರ್ ಅಂತ ಸದ್ದು, ಮೂಗಿಗೆ ಹೊಗೆ, ತಲೆ ಮೇಲೆ ನೆರಳಿಲ್ಲ. ಪುಟ್ಟ ಮಕ್ಕಳನ್ನು ಹೊಗೆಯ ಮಧ್ಯೆ ಅರ್ಧ ಗಂಟೆ ನಿಲ್ಲಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಅದಕ್ಕೆ ಮದ್ದು ಇಂಜಿನ್ ಬದಲಿಸುವುದು, ಮರ ನೆಡುವುದು. ರೈಡ್ ಕಿತ್ತು ಹಾಕುವುದಲ್ಲ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನ ಆಟೋಪಿಯಾ 2006ರಲ್ಲೇ ಬ್ಯಾಟರಿ ಕಾರಿನಲ್ಲಿ ಓಡಿತ್ತು. ಕ್ಯಾಲಿಫೋರ್ನಿಯಾದ್ದನ್ನೂ ಕರೆಂಟಿಗೆ ಬದಲಿಸುತ್ತೇವೆ ಅಂತ 2024ರಲ್ಲಿ ಕಂಪನಿಯೇ ಹೇಳಿದೆ. ಫ್ಲಾರಿಡಾದ ಮಕ್ಕಳು ಏನು ತಪ್ಪು ಮಾಡಿದ್ದಾರೆ?

ಇಂಥ ರೈಡ್‌ಗೆ ಜಾಗ ತುಂಬ ಬೇಕು, ಅದೇ ಅದರ ಶತ್ರು. ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ 1983ರಿಂದ ಇದ್ದದ್ದು 2017ರ ಜನವರಿಯಲ್ಲಿ ಹೋಯಿತು. ಹಾಂಗ್‌ಕಾಂಗ್‌ನದ್ದು ಅದಕ್ಕೂ ಮೊದಲೇ, 2016ರಲ್ಲಿ. ಹೋದದ್ದು ಮತ್ತೆ ಬಂದಿಲ್ಲ.

ಹತ್ತಿರದಲ್ಲೇ ವಿಂಟರ್ ಹೇವನ್‌ನಲ್ಲಿ ಲೆಗೋಲ್ಯಾಂಡ್ ಇದೆ, ಒಮ್ಮೆ ಹೋಗಿ ಬನ್ನಿ. ಅಲ್ಲಿ ಡ್ರೈವಿಂಗ್ ಸ್ಕೂಲ್ ಅಂತ ಒಂದೇ ತರಹದ ಎರಡು ರೈಡ್ ಇವೆ. ಒಂದು 3ರಿಂದ 5 ವರ್ಷದವರಿಗೆ, ಇನ್ನೊಂದು 6ರಿಂದ 13ರವರಿಗೆ. ಬ್ಯಾಟರಿ ಕಾರು, ಮಧ್ಯೆ ಪಟ್ಟಿ ಇಲ್ಲ. ದೊಡ್ಡ ಮಕ್ಕಳ ರಸ್ತೆಯಲ್ಲಿ ಸಿಗ್ನಲ್ ಕೂಡ ಇದೆ. ಮಗು ಒಬ್ಬಳೇ ಓಡಿಸಬೇಕು, ನೀವು ಬೇಲಿ ಆಚೆ ನಿಂತು ನೋಡಬೇಕು. ಅವೆರಡರಲ್ಲಿ ಯಾವುದನ್ನು ತೆಗೆದರೂ ಒಂದು ವಯಸ್ಸಿನ ಮಕ್ಕಳು ಬೇಲಿ ಆಚೆಯೇ ಉಳಿಯುತ್ತಾರೆ, ಅಲ್ವಾ?

ಸ್ಪೀಡ್‌ವೇಗೆ ಹೋದರೆ ಬೆಳಿಗ್ಗೆ ಪಾರ್ಕ್ ತೆರೆದ ಕೂಡಲೇ ಹೋಗಿ, ಬಿಸಿಲೂ ಕ್ಯೂ ಎರಡೂ ಕಡಿಮೆ. ಒಬ್ಬಳೇ ಓಡಿಸಲು 54 ಇಂಚು ಎತ್ತರ ಬೇಕು, ಅಷ್ಟಾಗುವ ತನಕ ಪೆಡಲ್ ನಿಮ್ಮದು. ಮೊದಲ ತಿರುವಿನಲ್ಲಿ ಕಾರು ಪಟ್ಟಿಗೆ ಬಡಿಯುತ್ತದೆ. ದಯವಿಟ್ಟು ಆಗ ಸ್ಟೀರಿಂಗಿಗೆ ಕೈ ಹಾಕಬೇಡಿ.