ಹಳೆಯ ಪವರ್ ಹ್ಯಾಮರ್ ಕೊಳ್ಳುವ ಮುನ್ನ ಏನನ್ನು ನೋಡಬೇಕು, ಕೊಂಡ ಮೇಲೆ ಎಲ್ಲಿಂದ ಕೈಹಚ್ಚಬೇಕು?

ಪುಣೆ ಬಳಿಯ ಭೋಸರಿಯಲ್ಲಿ ಮುಚ್ಚಿಹೋದ ಫೋರ್ಜಿಂಗ್ ಶೆಡ್ಡೊಂದರಲ್ಲಿ ವರ್ಷಗಳಿಂದ ನಿಂತಿರುವ, ಮೈಮೇಲೆ ‘2 ಸಿಡಬ್ಲ್ಯೂಟಿ’ ಎಂಬ ಉಬ್ಬಕ್ಷರಗಳಿರುವ ನ್ಯೂಮ್ಯಾಟಿಕ್ (ಗಾಳಿಯ ಒತ್ತಡದಿಂದ ಹೊಡೆಯುವ) ಪವರ್ ಹ್ಯಾಮರ್ ಗುಜರಿ ದರಕ್ಕೆ ಸಿಗುತ್ತಿದೆ ಎಂದು ಬರೆದಿದ್ದೀರಿ. ಕೊಡಲಿ, ಸಲಿಕೆ, ಕುಂಟೆಯ ಕುಡ ತಯಾರಿಸುವ ನಿಮ್ಮ ಮನೆತನದ ಕಸುಬನ್ನು ಪುಣೆಯಲ್ಲಿ ಮುಂದುವರಿಸಲು ಅದನ್ನು ದುರಸ್ತಿ ಮಾಡಿಸಿಕೊಳ್ಳಬಹುದೇ, ಇಲ್ಲವೇ ಹೊಸದನ್ನೇ ಕೊಳ್ಳುವುದು ಮೇಲೇ ಎಂಬುದು ನಿಮ್ಮ ಪ್ರಶ್ನೆ. ನಾನು ಇಲ್ಲಿನ ಫೋರ್ಜಿಂಗ್ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ದುಡಿದವನು, ಈಗ ಇಂಥ ಯಂತ್ರಗಳ ದುರಸ್ತಿಯನ್ನೇ ಮಾಡುತ್ತಿದ್ದೇನೆ. ಚೌಕಟ್ಟು ಮತ್ತು ಅಡಿಗಲ್ಲು (ಹೊಡೆತವನ್ನು ಕೆಳಗಿನಿಂದ ತಾಳುವ ಕಬ್ಬಿಣದ ಗಟ್ಟಿ), ಈ ಎರಡು ಎರಕಗಳು ಗಟ್ಟಿಯಾಗಿದ್ದರೆ ಖಂಡಿತ ಕೊಳ್ಳಿ. ಉಳಿದ ಪ್ರತಿಯೊಂದು ಭಾಗವನ್ನೂ ಪುಣೆಯಲ್ಲಿ ಮಾಡಿಸಿಕೊಳ್ಳಲು ಸಾಧ್ಯವಿದೆ. ಆದರೆ ನಿಮ್ಮ ಹಣವನ್ನೂ ತಾಳ್ಮೆಯನ್ನೂ ಯಂತ್ರದ ಮೈಬಣ್ಣಕ್ಕೆ ಸುರಿಯದೆ, ಭಾಗಗಳ ನಡುವಿನ ಸಂದಿಗೆ ಮತ್ತು ಕೆಳಗಿನ ಪಾಯಕ್ಕೆ ಮೀಸಲಿಡಬೇಕು.

ಆ ಉಬ್ಬಕ್ಷರಗಳ ಅರ್ಥವನ್ನು ಮೊದಲು ಹೇಳುತ್ತೇನೆ. ಸಿಡಬ್ಲ್ಯೂಟಿ ಎಂದರೆ ಹಂಡ್ರೆಡ್‌ವೇಟ್; ಒಂದು ಹಂಡ್ರೆಡ್‌ವೇಟ್ ಎಂದರೆ 112 ಪೌಂಡ್, ಅಂದರೆ 50.8 ಕೆ.ಜಿ. ನಿಮ್ಮದು ಸುಮಾರು 100 ಕೆ.ಜಿ. ಹ್ಯಾಮರ್. ಇದು ಇಡೀ ಯಂತ್ರದ ತೂಕವಲ್ಲ, ಮೇಲಿನ ಡೈ (ಕಾದ ಕಬ್ಬಿಣಕ್ಕೆ ತಾಗುವ ಉಕ್ಕಿನ ಅಚ್ಚು) ಸೇರಿದಂತೆ ಹೊಡೆಯುವ ರ್ಯಾಮ್‌ನ ತೂಕ. ಮ್ಯಾಂಚೆಸ್ಟರಿನ ಓಪನ್‌ಶಾದಲ್ಲಿದ್ದ ಮ್ಯಾಸಿ ಕಂಪನಿಯಂಥ ಬ್ರಿಟಿಷ್ ತಯಾರಕರು ಈ ಅಳತೆಯನ್ನೇ ಬಳಸುತ್ತಿದ್ದರು. ನಿಮ್ಮ ಯಂತ್ರವನ್ನು ಯಾರು ತಯಾರಿಸಿದ್ದಾರೆ ಎಂಬುದಕ್ಕಿಂತ ಅದರ ಎರಕ ಹೇಗಿದೆ ಎಂಬುದು ಮುಖ್ಯ.

ಇದು ಕೆಲಸ ಮಾಡುವ ಬಗೆ ತಿಳಿದಿದ್ದರೆ ಎಲ್ಲಿ ಸವೆದಿರುತ್ತದೆ ಎಂಬುದನ್ನು ಊಹಿಸುವುದು ಸುಲಭ. ಜೇಮ್ಸ್ ನಾಸ್ಮಿತ್ 1839ರಲ್ಲಿ ಚಿತ್ರಿಸಿ 1842ರಲ್ಲಿ ಪೇಟೆಂಟ್ ಪಡೆದ ಉಗಿ ಸುತ್ತಿಗೆಗೆ ಹೊರಗಿನ ಬಾಯ್ಲರ್ ಬೇಕಿತ್ತು. ನಿಮ್ಮ ಯಂತ್ರಕ್ಕೆ ಹೊರಗಿನಿಂದ ಗಾಳಿಯೂ ಬೇಡ, ಉಗಿಯೂ ಬೇಡ. ಅದರೊಳಗೆ ಎರಡು ಸಿಲಿಂಡರ್‌ಗಳಿವೆ. ಮೋಟಾರು ತಿರುಗಿಸುವ ಕ್ರ್ಯಾಂಕ್ ಹಿಂದಿನ ಸಿಲಿಂಡರಿನ ಪಿಸ್ಟನ್ನನ್ನು ಮೇಲೆ ಕೆಳಗೆ ಓಡಿಸುತ್ತದೆ; ಅಲ್ಲಿ ಒತ್ತಿದ ಗಾಳಿ ವಾಲ್ವುಗಳ ಮೂಲಕ ಮುಂದಿನ ಸಿಲಿಂಡರಿನ ರ್ಯಾಮ್‌ನ ಮೇಲ್ಬದಿಗೂ ಕೆಳಬದಿಗೂ ಸರದಿಯಲ್ಲಿ ಹೋಗಿ ಅದನ್ನು ಹೊಡೆಸುತ್ತದೆ, ಎತ್ತುತ್ತದೆ. ಕ್ರ್ಯಾಂಕಿಗೂ ರ್ಯಾಮಿಗೂ ನಡುವೆ ಲೋಹದ ಕೊಂಡಿಯೇ ಇಲ್ಲ, ಗಾಳಿಯೇ ಕೊಂಡಿ. ಆದ್ದರಿಂದ ಗಾಳಿ ಸೋರುವ ಪ್ರತಿಯೊಂದು ಸಂದಿಯೂ ಹೊಡೆತದಿಂದ ಕಳೆದುಹೋದ ಬಲ. ಹೊಡೆತ ಮೆತ್ತಗಿದ್ದರೆ ಪಿಸ್ಟನ್ ರಿಂಗುಗಳನ್ನೂ ವಾಲ್ವುಗಳ ಸವೆತವನ್ನೂ ನೋಡಬೇಕು. ಪೆಡಲಿನಿಂದ ಕಾಲು ತೆಗೆದಾಗ ರ್ಯಾಮ್ ಮೇಲೆ ನಿಲ್ಲದೆ ಕುಸಿದರೆ, ಗಾಳಿಯನ್ನು ಹಿಂದಿರುಗಲು ಬಿಡದ ಚೆಕ್ ವಾಲ್ವನ್ನು ಮೊದಲು ಬಿಚ್ಚಿ ನೋಡಬೇಕು.

ಈಗ ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ. ಶೆಡ್ಡಿಗೆ ಹೋಗುವಾಗ ತಂತಿ ಬ್ರಷ್, ಸೀಮೆಎಣ್ಣೆ, ಸೀಮೆಸುಣ್ಣದ ಪುಡಿ ಮತ್ತು ಒಳ್ಳೆಯ ಟಾರ್ಚ್ ಒಯ್ಯಿರಿ. ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿರುವ ಚೌಕಟ್ಟಿನ ಒಳಬಾಗು, ಸಿಲಿಂಡರಿನ ಬೋಲ್ಟುಗಳ ಸುತ್ತಲಿನ ಜಾಗ, ಬುಡದ ಬೋಲ್ಟು ತೂತುಗಳ ಅಂಚು, ಈ ಮೂರು ಕಡೆ ಜಿಡ್ಡು ಮತ್ತು ಬಣ್ಣವನ್ನು ಪೂರ್ತಿ ತೆಗೆಯಿರಿ. ಅಲ್ಲಿ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸುಣ್ಣದ ಪುಡಿಯನ್ನು ತೆಳುವಾಗಿ ಬಳಿಯಿರಿ. ಬಿರುಕು ಇದ್ದರೆ ಒಳಗೆ ಇಳಿದ ಎಣ್ಣೆ ಪುಡಿಯ ಮೇಲೆ ಒದ್ದೆಗೆರೆಯಾಗಿ ಎದ್ದುಬರುತ್ತದೆ. ಅನುಮಾನ ಉಳಿದರೆ ಡೈ ಪೆನೆಟ್ರೆಂಟ್, ಅಂದರೆ ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವದ ಡಬ್ಬಿಗಳಿಂದ ಮತ್ತೊಮ್ಮೆ ಪರೀಕ್ಷಿಸಿ. ಹೊಸದಾಗಿ ದಪ್ಪ ಬಣ್ಣ ಬಳಿದಿರುವ ಹಳೆಯ ಹ್ಯಾಮರನ್ನು ನಾನು ತುಕ್ಕು ಹಿಡಿದ ಹ್ಯಾಮರಿಗಿಂತ ಹೆಚ್ಚು ಅನುಮಾನದಿಂದ ನೋಡುತ್ತೇನೆ.

ಒಳಬಾಗಿನ ಬಿರುಕಿಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಬೀಡು, ಅಂದರೆ ಎರಕದ ಕಬ್ಬಿಣ, ಒತ್ತುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲವನ್ನು ತಾಳುವುದಿಲ್ಲ. ಅಡಿಗಲ್ಲೂ ಚೌಕಟ್ಟೂ ಒಂದೇ ಎರಕವಾಗಿರುವ ಯಂತ್ರದಲ್ಲಿ ಪ್ರತಿ ಹೊಡೆತಕ್ಕೂ ಒಳಬಾಗು ಎಳೆತಕ್ಕೆ ಸಿಕ್ಕುತ್ತದೆ. ಎರಡೂ ಬೇರೆಬೇರೆಯಾಗಿರುವಲ್ಲಿಯೂ ಡೈನ ಅಂಚಿನಲ್ಲಿ ಇಟ್ಟು ಬಡಿದ ಕೆಲಸ ಚೌಕಟ್ಟನ್ನು ತಿರುಚುತ್ತದೆ. ನಿಕಲ್ ರಾಡಿನಿಂದ ವೆಲ್ಡ್ ಮಾಡಿ ಕೊಡುತ್ತೇವೆ ಎನ್ನುವವರು ನಿಮಗೆ ಸಿಗುತ್ತಾರೆ. ಪೆಡಲಿನ ಕಿವಿ, ಗಾರ್ಡು, ಎಣ್ಣೆ ತೊಟ್ಟಿಗಳಂಥ ಭಾರ ಹೊರದ ಭಾಗಗಳಿಗೆ ಅದು ಸರಿಯಾದ ದಾರಿ: ಸುಮಾರು 25 ಮಿ.ಮೀ. ಉದ್ದದ ತುಂಡು ತುಂಡು ಬೆಸುಗೆ ಹಾಕಿ, ಬಿಸಿಯಿರುವಾಗಲೇ ಮೆಲ್ಲಗೆ ತಟ್ಟಿ, ನಿಧಾನವಾಗಿ ಆರಲು ಬಿಡಬೇಕು. ಆದರೆ ಬೀಡಿನಲ್ಲಿ ಇಂಗಾಲದ ಪ್ರಮಾಣ ಹೆಚ್ಚಿರುವುದರಿಂದ ಬೆಸುಗೆಯ ಪಕ್ಕದ ಪಟ್ಟಿ ಗಡುಸಾಗಿ ಸುಲಭವಾಗಿ ಒಡೆಯುವಂತಾಗುತ್ತದೆ, ನಿಮಿಷಕ್ಕೆ ನೂರಾರು ಹೊಡೆತ ಬೀಳುವಾಗ ಬಿರುಕು ಅದರ ಪಕ್ಕದಲ್ಲೇ ಮತ್ತೆ ಬಾಯಿ ಬಿಡುತ್ತದೆ. ಒಳಬಾಗಿನ ಬಿರುಕು ಚಿಕ್ಕದಿದ್ದರೆ, ಬಿಸಿ ಮಾಡದೆ ಲೋಹದ ಕೀಲಿಗಳನ್ನು ಕೂರಿಸಿ ಹೊಲಿಯುವ ಮೆಟಲ್ ಸ್ಟಿಚಿಂಗ್ ವಿಧಾನವನ್ನು ಪರಿಶೀಲಿಸಬಹುದು. ಅರ್ಧ ಚೌಕಟ್ಟಿಗೆ ಹಬ್ಬಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಟ್ಟುಬಿಡಿ.

ಅಡಿಗಲ್ಲಿನ ಬಗ್ಗೆ ಇನ್ನೊಂದು ಎಚ್ಚರಿಕೆ. ಅದು ರ್ಯಾಮ್‌ನ ತೂಕದ 10ರಿಂದ 15 ಪಟ್ಟಾದರೂ ಇರಬೇಕು. ನಿಮ್ಮ ಯಂತ್ರಕ್ಕೆ ಅದು 1,000ದಿಂದ 1,500 ಕೆ.ಜಿ.ಯ ಗಟ್ಟಿ. ಅಡಿಗಲ್ಲು ಪ್ರತ್ಯೇಕವಾಗಿರುವ ಹ್ಯಾಮರುಗಳಲ್ಲಿ ಅದನ್ನು ಗುಜರಿಯವರು ಮೊದಲೇ ತೂಕಕ್ಕೆ ಮಾರಿರುವುದುಂಟು, ಅಥವಾ ಅದು ನೆಲದೊಳಗೆ ಹೂತಿರುವುದರಿಂದ ಕೀಳುವ ಖರ್ಚು ಬೇಡವೆಂದು ಅಲ್ಲಿಯೇ ಬಿಟ್ಟಿರುತ್ತಾರೆ. ಅಡಿಗಲ್ಲು ಸೇರಿಯೇ ವ್ಯಾಪಾರ ಎಂದು ಮೊದಲೇ ಬರೆಸಿಕೊಳ್ಳಿ. ಅದರ ಬದಲು ದಪ್ಪ ಪ್ಲೇಟುಗಳನ್ನು ಜೋಡಿಸಿ ಹಗುರ ಅಡಿಗಲ್ಲು ಮಾಡಿಕೊಂಡರೆ, ಕಬ್ಬಿಣಕ್ಕೆ ಹೋಗಬೇಕಾದ ಏಟು ನೆಲಕ್ಕೆ ಹೋಗುತ್ತದೆ.

ಸಾಗಿಸುವಾಗ ಯಂತ್ರದ ಮೇಲ್ಭಾಗ ಸಿಲಿಂಡರುಗಳಿಂದಾಗಿ ಭಾರವಾಗಿರುತ್ತದೆ ಎಂಬುದನ್ನು ಹೈಡ್ರಾ ಕ್ರೇನಿನ ಚಾಲಕನಿಗೆ ಮುಂಚಿತವಾಗಿ ಹೇಳಿ. ಎತ್ತುವ ಬೆಲ್ಟನ್ನು ಚೌಕಟ್ಟಿನ ಸುತ್ತ ಹಾಕಬೇಕು, ಕ್ರ್ಯಾಂಕ್ ಶಾಫ್ಟಿಗೂ ಫ್ಲೈವ್ಹೀಲಿಗೂ ಎಂದೂ ಹಾಕಬಾರದು.

ಮನೆಗೆ ತಂದ ಮೇಲೆ ಮೋಟಾರಿಗೆ ವಿದ್ಯುತ್ ಕೊಟ್ಟು ನೋಡುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ವರ್ಷಗಳ ಮಳೆಗಾಲದ ತೇವ ಸಿಲಿಂಡರಿನೊಳಗೆ ತುಕ್ಕಿನ ಉಂಗುರ ಕಟ್ಟಿರುತ್ತದೆ. ಒಂದೇ ಸುತ್ತಿನಲ್ಲಿ ರಿಂಗುಗಳು ಮುರಿದು ಗೋಡೆಯನ್ನು ಗೀರುತ್ತವೆ. ಮೊದಲು ರ್ಯಾಮ್‌ನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ದಿಮ್ಮಿ ಇಲ್ಲದೆ ಎರಡು ಡೈಗಳ ನಡುವೆ ಕೈ ಹಾಕಬಾರದು, ಏಕೆಂದರೆ ವಿದ್ಯುತ್ ಇಲ್ಲದಿದ್ದರೂ ರ್ಯಾಮ್ ಬೀಳಬಲ್ಲದು. ಎರಡೂ ಸಿಲಿಂಡರುಗಳಿಗೆ ತೆಳು ಎಣ್ಣೆ ಮತ್ತು ಸೀಮೆಎಣ್ಣೆ ಬೆರೆಸಿ ಸುರಿದು ಕೆಲವು ದಿನ ನೆನೆಯಲು ಬಿಟ್ಟು, ಆಮೇಲೆ ಫ್ಲೈವ್ಹೀಲನ್ನು ಕೈಯಿಂದ ತಿರುಗಿಸಿ ನೋಡಿ. ಹಳೆಯ ಗ್ಯಾಸ್ಕೆಟ್ ಮತ್ತು ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಅವುಗಳನ್ನು ಒದ್ದೆ ಮಾಡಿ ಕಿತ್ತು ಚೀಲದಲ್ಲಿ ಕಟ್ಟಿಡಿ, ಒಣಗಿದ್ದಾಗ ಗ್ರೈಂಡರ್ ಹಚ್ಚಬೇಡಿ.

ಬಿಚ್ಚುವಾಗ ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಡೈಗಳನ್ನು ಹಿಡಿದಿರುವ ಬೆಣೆ. ಅದರ ಇಳಿಜಾರು ಸಾಮಾನ್ಯವಾಗಿ 100ಕ್ಕೆ 1, ಹಳೆಯ ಬ್ರಿಟಿಷ್ ಅಳತೆಯಲ್ಲಿ 96ಕ್ಕೆ 1. ಯಾವ ತುದಿ ಸಣ್ಣದೋ ಆ ಕಡೆಯಿಂದ ಹೊಡೆಯಬೇಕು. ಮೊದಲು ಆ ತುದಿಯನ್ನು ಗುರುತಿಸಿಕೊಳ್ಳಿ. ಗಡಸು ಬೆಣೆಯ ಮೇಲೆ ಗಡಸು ಸುತ್ತಿಗೆಯಿಂದ ಹೊಡೆದರೆ ಚೂರು ಗುಂಡಿನಂತೆ ಹಾರುತ್ತದೆ, ಆದ್ದರಿಂದ ನಡುವೆ ಮೆದು ಉಕ್ಕಿನ ಅಥವಾ ಹಿತ್ತಾಳೆಯ ತುಂಡು ಇರಲೇಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು. ಡೈಗಳು ಸವೆದಿದ್ದರೆ ಹೊಸದಕ್ಕೆ ಇಲ್ಲಿ ಡಿಬಿ-6 ಎಂದು ಕರೆಯುವ ಉಕ್ಕನ್ನು ಕೇಳಿ. ಹಗುರ ಕೆಲಸಕ್ಕೆ ಇಎನ್-24 ಕೂಡ ನಡೆಯುತ್ತದೆ.

ಸಿಲಿಂಡರಿನ ವ್ಯಾಸವನ್ನು ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಈ ಒಂದು ಹಾಳೆ ನಿಮ್ಮ ಮುಂದಿನ ಖರ್ಚನ್ನೆಲ್ಲ ನಿರ್ಧರಿಸುತ್ತದೆ. ತುಕ್ಕಿನ ಕಲೆ ಮಾತ್ರ ಇದ್ದರೆ ಹೋನಿಂಗ್, ಅಂದರೆ ಒಳಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು, ಸಾಕು. ಅಂಡಾಕಾರಕ್ಕೆ ಸವೆದಿದ್ದರೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ, ದುಂಡನೆಯ ರಿಂಗು ಅಂಡಾಕಾರದ ಗೋಡೆಗೆ ಕೂರುವುದಿಲ್ಲ. ಸಿಲಿಂಡರನ್ನು ಬೋರಿಂಗ್ ಮಾಡಿಸಿ (ಒಳಗಿನಿಂದ ಕೊರೆಸಿ ಮತ್ತೆ ದುಂಡಾಗಿಸಿ), ಅದಕ್ಕೆ ತಕ್ಕಂತೆ ಪಿಸ್ಟನ್ನನ್ನೂ ರ್ಯಾಮನ್ನೂ ಸರಿಪಡಿಸಿ, ಬೀಡಿನ ರಿಂಗುಗಳನ್ನು ಹೊಸದಾಗಿ ಮಾಡಿಸಬೇಕು. ರಿಂಗಿನ ಬಾಯಿಯ ಸಂದು ಪ್ರತಿ 100 ಮಿ.ಮೀ. ವ್ಯಾಸಕ್ಕೆ 0.3ರಿಂದ 0.4 ಮಿ.ಮೀ. ಇರಲಿ. ಚಾಕಣ, ಭೋಸರಿಗಳಲ್ಲಿ ಈ ಕೆಲಸ ಮಾಡುವ ಬೋರಿಂಗ್ ಯಂತ್ರಗಳಿಗೆ ಕೊರತೆಯಿಲ್ಲ. ಆದರೆ ಕೆಲಸಗಾರನ ಕೈಗೆ ಅಳತೆಯನ್ನು ಬರೆದು ಕೊಡಿ, ‘ಸರಿಹೋಗುವಂತೆ ಮಾಡಿ’ ಎಂದು ಬಾಯಲ್ಲಿ ಹೇಳಿ ಬರಬೇಡಿ.

ಕ್ರ್ಯಾಂಕಿನ ಬೇರಿಂಗುಗಳಲ್ಲಿ ಬಿಳಿಲೋಹ, ಅಂದರೆ ವೈಟ್ ಮೆಟಲ್ ಇದ್ದರೆ ಅದನ್ನು ಕಿತ್ತು ರೋಲರ್ ಬೇರಿಂಗ್ ಹಾಕಿ ಎಂಬ ಸಲಹೆ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಏಟಿನ ಅದುರನ್ನು ಬಿಳಿಲೋಹ ಶಾಂತವಾಗಿ ತಾಳುತ್ತದೆ, ಸವೆದರೆ ಮತ್ತೆ ಎರಕ ಹೊಯ್ಯಬಹುದು, ಶಾಫ್ಟಿಗೆ ಗಾಯವಾಗುವುದಿಲ್ಲ. ತವರ, ಆಂಟಿಮನಿ, ತಾಮ್ರಗಳ ಈ ಮಿಶ್ರಲೋಹವನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಯ್ಯಲಾಗುತ್ತದೆ. ಒಣಗಿದ ಮರದ ಕಡ್ಡಿಯನ್ನು ಅದ್ದಿದಾಗ ಅದು ಹೊತ್ತಿ ಉರಿಯದೆ ಕಂದಿ ಕಪ್ಪಾದರೆ ಹದ ಬಂದಿದೆ. ಬೇರಿಂಗಿನ ಮನೆಯನ್ನು ಮೊದಲು ಚೆನ್ನಾಗಿ ಬಿಸಿ ಮಾಡಿ ಒಂದು ಹನಿ ತೇವವೂ ಉಳಿಯದಂತೆ ನೋಡಿಕೊಳ್ಳಿ, ಏಕೆಂದರೆ ನೀರಿನ ಮೇಲೆ ಬಿದ್ದ ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ. ಶಾಫ್ಟಿಗೆ ದೀಪದ ಮಸಿ ಹಿಡಿಸಿ, ತುದಿಗಳಿಗೆ ಬಿಸಿಯಲ್ಲಿ ಒಣಗಿಸಿದ ಜೇಡಿಮಣ್ಣಿನ ಒಡ್ಡು ಕಟ್ಟಿ, ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಹೊಯ್ಯಬೇಕು. ಆರಿದ ಮೇಲೆ ಬ್ಲೂ, ಅಂದರೆ ಮುಟ್ಟುವ ಜಾಗವನ್ನು ತೋರಿಸುವ ನೀಲಿ ಬಣ್ಣ, ಹಚ್ಚಿ ಶಾಫ್ಟ್ ತಿರುಗಿಸಿ, ಮುಟ್ಟಿದ ಜಾಗಗಳನ್ನು ಸ್ಕ್ರೇಪರಿನಿಂದ ಕೆರೆಯುತ್ತ ಹೋಗುವುದು ಬೇಸರ ಬರಿಸುವಷ್ಟು ನಿಧಾನದ ಕೆಲಸ. ಆದರೂ 75 ಮಿ.ಮೀ. ಶಾಫ್ಟಿಗೆ ಸುಮಾರು 0.075 ಮಿ.ಮೀ. ಸಂದಿ ಸಿಗುವವರೆಗೆ ಅದನ್ನು ಬಿಡಬಾರದು. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ಫಿಟ್ಟರುಗಳಾಗಿ ನಿವೃತ್ತರಾದ ಹಿರಿಯರಲ್ಲಿ ಈ ಕೆಲಸ ಬಲ್ಲವರಿದ್ದಾರೆ. ಅಂಥವರೊಬ್ಬರನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೊಂಡೇ ಮೊದಲ ಎರಕ ಹೊಯ್ಯಿರಿ.

ಇನ್ನು ಪಾಯ. ಹ್ಯಾಮರ್ ಪಾಯಗಳಿಗೆಂದೇ ಭಾರತೀಯ ಮಾನಕ ಸಂಸ್ಥೆಯ ಐಎಸ್ 2974ರ 2ನೇ ಭಾಗವಿದೆ. ನಿಮ್ಮ ಸಿವಿಲ್ ಎಂಜಿನಿಯರಿಗೆ ಅದನ್ನೇ ಹೆಸರಿಸಿ ಹೇಳಿ. ಪುಣೆಯ ಸುತ್ತ ಅನೇಕ ಕಡೆ ಮೇಲೆ ಎರೆಮಣ್ಣು, ಅದರಡಿ ಗರಸು, ಅದರಡಿ ಕಪ್ಪು ಬಂಡೆ ಇದೆ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದನ್ನು ಪೂರ್ತಿ ತೆಗೆದು ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು. ಕಾಂಕ್ರೀಟಿನ ದಿಮ್ಮಿ ಶೆಡ್ಡಿನ ಕಂಬಗಳ ಪಾಯಕ್ಕೂ ನೆಲಹಾಸಿಗೂ ತಾಗದೆ ಸುತ್ತ ಸಂದಿ ಬಿಟ್ಟು ನಿಂತಿರಬೇಕು. ಅಡಿಗಲ್ಲಿನ ಕೆಳಗೆ ಸಾಲ್ ಅಥವಾ ತೇಗದಂಥ ಗಟ್ಟಿ ಮರದ ಪದರ, ಇಲ್ಲವೇ ಕನ್ವೇಯರ್ ಬೆಲ್ಟಿನ ದಪ್ಪ ರಬ್ಬರ್ ಹಾಸಬೇಕು. ಅಡಿಗಲ್ಲನ್ನು ನೇರವಾಗಿ ಕಾಂಕ್ರೀಟಿನ ಮೇಲೆ ಕೂರಿಸಿದರೆ ಕಾಂಕ್ರೀಟು ಪುಡಿಯಾಗುತ್ತದೆ. ದಿಮ್ಮಿ 28 ದಿನ ಹದಗೊಳ್ಳುವ ಮೊದಲು ಹೊಡೆತ ಹಾಕಬೇಡಿ. ಪುಣೆಯ ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ (ತಾಮ್ರದ ಪಾತ್ರೆ ಮಾಡುವವರ ಗಲ್ಲಿಯಲ್ಲಿ) ಕೈಸುತ್ತಿಗೆಯ ಸದ್ದಿನೊಂದಿಗೆ ಜನ ತಲೆಮಾರುಗಳಿಂದ ಬದುಕಿದ್ದಾರೆ, ಆದರೆ ಪವರ್ ಹ್ಯಾಮರಿನ ಅದುರು ನೆಲದೊಳಗಿಂದ ನೆರೆಮನೆಯ ಗೋಡೆಗೆ ಹೋಗುತ್ತದೆ. ಆದ್ದರಿಂದ ವಸತಿ ಇರುವ ಗಲ್ಲಿಯಲ್ಲಿ ಇದನ್ನು ಹಾಕುವ ವಿಚಾರ ಬೇಡ.

ಮೋಟಾರು, ಬೆಲ್ಟು, ಸ್ಟಾರ್ಟರುಗಳು ಸುಲಭದ ಭಾಗ. ಕ್ರ್ಯಾಂಕ್ ಎಷ್ಟು ಸುತ್ತು ತಿರುಗುತ್ತದೆಯೋ ಅಷ್ಟೇ ಹೊಡೆತ; ಫಲಕದ ಮೇಲೆ ನಿಮಿಷಕ್ಕೆ 200 ಎಂದಿದ್ದು ಮೋಟಾರು 1,440 ಸುತ್ತಿನದಾದರೆ, 150 ಮಿ.ಮೀ. ಪುಲ್ಲಿಗೆ 1,080 ಮಿ.ಮೀ. ವ್ಯಾಸದ ಫ್ಲೈವ್ಹೀಲ್ ಸರಿಯಾಗುತ್ತದೆ. ವೇಗ ಹೆಚ್ಚಿಸುವ ಆಸೆಗೆ ಪುಲ್ಲಿ ಬದಲಿಸಬಾರದು.

ಮೊದಲ ದಿನ ಹೊಡೆತವಿಲ್ಲದೆ ಕ್ರ್ಯಾಂಕನ್ನು ಓಡಿಸಿ, ಎಣ್ಣೆ ಪ್ರತಿ ಬೇರಿಂಗಿಗೂ ಸಿಲಿಂಡರಿಗೂ ತಲುಪುತ್ತಿದೆಯೇ ಎಂದು ನೋಡಿ, ಬೇರಿಂಗನ್ನು ಕೈಯಿಂದ ಮುಟ್ಟಿ ಬಿಸಿಯನ್ನು ಪರೀಕ್ಷಿಸಿ. ಎರಡು ಡೈಗಳು ಬರಿದಾಗಿ ಒಂದಕ್ಕೊಂದು ಹೊಡೆಯಲು ಎಂದೂ ಬಿಡಬೇಡಿ; ಮೊದಲ ಹೊಡೆತಗಳು ಚೆನ್ನಾಗಿ ಕಾದ ದಪ್ಪ ಸಲಾಕೆಯ ಮೇಲೆ, ಡೈನ ನಟ್ಟನಡುವೆ ಬೀಳಲಿ. ಸಂಜೆ ಬೆಣೆಗಳನ್ನೂ ಪಾಯದ ಬೋಲ್ಟುಗಳನ್ನೂ ಮತ್ತೆ ಬಿಗಿಮಾಡಿ, ಮೊದಲ ಕೆಲವು ವಾರ ಪ್ರತಿದಿನವೂ ಹಾಗೆ ಮಾಡಿ. ಸಿಲಿಂಡರ್ ಅಳತೆಯ ಹಾಳೆ ಮತ್ತು ಒಳಬಾಗಿನ ಸುಣ್ಣಪರೀಕ್ಷೆಯ ಚಿತ್ರವನ್ನು ಇಲ್ಲಿಯೇ ಹಾಕಿದರೆ, ಬೋರಿಂಗ್ ಬೇಕೇ ಹೋನಿಂಗ್ ಸಾಕೇ ಎಂಬುದನ್ನು ನೋಡಿ ಹೇಳುತ್ತೇನೆ.