ಓಡುವ ರೈಲಿನ ತಲೆಯ ಮೇಲೆ ಚಾವಣಿ ಹಾಕಿ ಉದ್ಯಾನ ಮಾಡಿದರೆ ಮರ ಬೆಳೆಯುತ್ತದೆಯೇ?

ಬೆಳೆಯುತ್ತದೆ. ಆದರೆ ಅದು ನೆಲವಲ್ಲ, ದೊಡ್ಡದೊಂದು ತಾರಸಿ ತೋಟ. ನ್ಯೂಯಾರ್ಕಿನ ರಿವರ್‌ಸೈಡ್ ಪಾರ್ಕ್ ನೋಡಿ. ಹಡ್ಸನ್ ನದಿಗೂ ಊರಿಗೂ ನಡುವೆ ರೈಲು ಹಳಿ ಅಡ್ಡ ಮಲಗಿತ್ತು. ಹೊಗೆ, ಸದ್ದು ಬೇರೆ. 1930ರ ದಶಕದಲ್ಲಿ ನಗರದ ಪಾರ್ಕ್ ಇಲಾಖೆಯ ಮುಖ್ಯಸ್ಥ ರಾಬರ್ಟ್ ಮೋಸೆಸ್ ಹಳಿಗಳಿಗೆ ಚಾವಣಿ ಹಾಕಿಸಿ ಪಾರ್ಕನ್ನು ಅದರ ಮೇಲೆ ಹಬ್ಬಿಸಿದರು. ಸುಮಾರು 4 ಕಿ.ಮೀ. ಉದ್ದದ ಆ ಸುರಂಗದಲ್ಲಿ ಈಗಲೂ ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ರೈಲು ಓಡುತ್ತದೆ. ಗಾಳಿಗೆಂದು ಬಿಟ್ಟ ಕಬ್ಬಿಣದ ಜಾಲರಿಗಳು ಪಾರ್ಕಿನಲ್ಲಿ ಕಾಣಸಿಗುತ್ತವೆ.

ನಿಜವಾದ ತಲೆನೋವು ಭಾರದ್ದು. ಒಂದು ಘನ ಮೀಟರ್ ಒದ್ದೆ ಮಣ್ಣು ಹೆಚ್ಚುಕಡಿಮೆ 2 ಟನ್ ತೂಗುತ್ತದೆ. ಹುಲ್ಲಿಗೆ ಒಂದಡಿ ಮಣ್ಣು ಸಾಕು, ಮರಕ್ಕೆ ಮೂರು-ನಾಲ್ಕು ಅಡಿಯಾದರೂ ಬೇಕು. ಚಾವಣಿ ಹೊರುವ ಕಂಬಗಳನ್ನೋ ಮನಸ್ಸು ಬಂದಲ್ಲಿ ನಿಲ್ಲಿಸುವಂತಿಲ್ಲ, ಹಳಿಗಳ ನಡುವೆ ಸಿಕ್ಕ ಜಾಗವೇ ಗತಿ. ಹಾಗಾಗಿ ದೊಡ್ಡ ಮರಗಳನ್ನು ಕಂಬದ ನೆತ್ತಿಯ ಮೇಲೆ ನೆಟ್ಟು, ನಡುವಿನ ಜಾಗವನ್ನು ಹುಲ್ಲಿಗೆ ಬಿಡುವುದು ಜಾಣತನ. ಮಣ್ಣಿನಡಿ ನೀರು ಸೋರದ ಪದರ, ಬೇರು ತಡೆಯುವ ಹಾಳೆ, ನೀರು ಬಸಿಯಲು ದಾರಿ ಇವೆಲ್ಲ ಮೊದಲೇ ಸರಿಯಿರಬೇಕು. ಆಮೇಲೆ ಸೋರಿದರೆ ಮರ ಕಿತ್ತೇ ರಿಪೇರಿ!

ಅಂದಹಾಗೆ, ರೈಲನ್ನು ಮುಚ್ಚಿದ ಮೋಸೆಸ್ ನದಿಯ ಅಂಚಿನಲ್ಲೇ ಕಾರುಗಳಿಗೆ ಹೆದ್ದಾರಿ ಹಾಕಿಸಿದರು.